ಸಾಯಲು ಒಪ್ಪಿದ ಸಿದ್ರಾಮಪ್ಪ

ಅಬ್ಬಿಗೆರೆಯ ಆ ಅಪಾರ್ಟ್‌ಮೆಂಟಿಗೆ ಶುಕ್ರವಾರ ಬೆಳಿಗ್ಗೆ ಭೂಕಂಪ ಬರುವುದೆಂದು ನಿಶ್ಚಯವಾಗಿತ್ತು. ಆದರೆ ಅದರಲ್ಲಿ ಸಾಯುವುದಕ್ಕೆ ಮಾತ್ರ ಯಾರೂ ಒಪ್ಪಿರಲಿಲ್ಲ. ತಾಪತ್ರಯ ಶುರುವಾದದ್ದು ಅಲ್ಲಿಂದಲೇ.

ಬರುವುದಿದ್ದದ್ದು ನಿಜವಾದ ಭೂಕಂಪವಲ್ಲ, ಅಣಕು ಕವಾಯತು. ಊರಿಗೆ ಊರೇ ನಡುಗಿದರೆ ಜನ ಏನು ಮಾಡಬೇಕೆಂದು ಅಗ್ನಿಶಾಮಕದಳದವರು ಬಂದು ಕಲಿಸುವವರಿದ್ದರು. ಅಸೋಸಿಯೇಷನ್ ಅಧ್ಯಕ್ಷೆ ಜ್ಯೋತಿಲಕ್ಷ್ಮಿ ವಾರದಿಂದ ಪಾತ್ರ ಹಂಚುತ್ತಿದ್ದರು. ಕೈ ಮುರಿದವರಾಗಲು ಪೈಪೋಟಿ ನಡೆಯಿತು. ಮೂರ್ಛೆ ಹೋಗುವ ಪಾತ್ರಕ್ಕಾಗಿ ಇಬ್ಬರು ಹೆಂಗಸರು ಮಾತು ಬಿಟ್ಟರು. ಆದರೆ ಶುಕ್ರವಾರದ ದಿನ, ಅದೂ ಬದುಕಿರುವಾಗಲೇ, ಹೆಣವಾಗಿ ಮಲಗುವ ಅಪಶಕುನ ಯಾರಿಗೂ ಬೇಡವಾಗಿತ್ತು.

ಅಂಥ ಹೊತ್ತಿನಲ್ಲಿ ಟಿಫಿನ್ ಡಬ್ಬಿ ಹಿಡಿದುಕೊಂಡು ಮೂರನೆಯ ಮಹಡಿಯ ಸಿದ್ರಾಮಪ್ಪ ಗೇಟಿನೊಳಗೆ ಕಾಲಿಟ್ಟ. ಬಾಗಲಕೋಟೆ ಕಡೆಯವನು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಮಷಿನ್ ಆಪರೇಟರ್. ವಾರದಿಂದ ಅವನಿಗೆ ನೈಟ್ ಶಿಫ್ಟ್. ಹಗಲು ಮಲಗೋಣವೆಂದರೆ ಮನೆಯ ಮುಂದೆ ಪೈಪಿಗಾಗಿ ರಸ್ತೆ ಅಗೆಯುವ ಜೆಸಿಬಿ. ನಿದ್ದೆ ಅವನ ಮನೆಯ ದಾರಿಯನ್ನೇ ಮರೆತಿತ್ತು. ಹಿಂದಿನ ರಾತ್ರಿಯಂತೂ ಓಡುವ ಮಷಿನ್ನಿನ ಮುಂದೆಯೇ ತೂಕಡಿಸಿ ಸಿಕ್ಕಿಬಿದ್ದಿದ್ದ. “ಇನ್ನೊಂದ್ಸಲ ತೂಕಡಿಸಿದ್ರೆ ಒಂದೋ ಕೈ ಹೋಗತ್ತೆ, ಇಲ್ಲಾ ಕೆಲಸ ಹೋಗತ್ತೆ, ನೋಡ್ಕೊ” ಎಂದು ಸೂಪರ್‌ವೈಸರ್ ಎಚ್ಚರಿಸಿ ಕಳಿಸಿದ್ದರು. ಈ ಹಗಲು ನಿದ್ದೆ ಮಾಡದಿದ್ದರೆ ಅವನ ಕತೆ ಮುಗಿದಂತೆಯೇ.

“ಸಿದ್ರಾಮಪ್ನೋರೆ, ಇವತ್ತು ಮನೇಲಿ ಯಾರೂ ಮಲ್ಗೋ ಹಾಗಿಲ್ಲ. ಎಲ್ರೂ ಡ್ರಿಲ್‌ಗೆ ಬರ್ಲೇಬೇಕು,” ಎಂದರು ಜ್ಯೋತಿಲಕ್ಷ್ಮಿ.

“ಮೇಡಮ್, ಕಣ್ಣ ತೆರಿಯಾಕ ಆಗವಲ್ದರಿ. ನಾ ಮಲಗಬೇಕ್ರಿ.”

ಜ್ಯೋತಿಲಕ್ಷ್ಮಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹಂಗಾದ್ರೆ ಹೆಣ ಆಗ್ತೀರಾ?”

“ಹೆಣಕ್ಕ ಏನ್ ಕೆಲಸ ಇರತೈತ್ರಿ?”

“ಏನೂ ಇಲ್ಲ ಕಣ್ರೀ. ಸುಮ್ನೆ ಮಲಗಿರೋದು. ಬದುಕಿರೋರನ್ನ ಮೊದಲು ಕೆಳಗಿಳಿಸ್ತಾರೆ, ಸತ್ತೋರನ್ನ ಕೊನೇಲಿ. ಅಲ್ಲೀವರ್ಗೂ ನಿಮ್ಮನ್ನ ಯಾರೂ ಮುಟ್ಟಲ್ಲ.”

ಯಾರೂ ಮುಟ್ಟುವುದಿಲ್ಲ! ಸಿದ್ರಾಮಪ್ಪನ ಕಣ್ಣಲ್ಲಿ ನೀರು ಬಂತು. “ನಾ ಸಾಯ್ತೀನ್ರಿ ಮೇಡಮ್,” ಎಂದ.

ಮೂರನೆಯ ಮಹಡಿಯ ಮೊಗಸಾಲೆಯಲ್ಲಿ ಹಳೆಯ ಮೇಜೊಂದನ್ನು ಉರುಳಿಸಿ, ಅದರ ಪಕ್ಕದಲ್ಲಿ ಅವನನ್ನು ಮಲಗಿಸಿ ಬಿಳಿ ಬೆಡ್‌ಶೀಟ್ ಹೊದಿಸಿದರು. ನೆಲ ತಣ್ಣಗಿತ್ತು. ಕಣ್ಣು ಇನ್ನೇನು ಹತ್ತಬೇಕು, ಯಾರೋ ಎರಡೂ ಕಾಲು ಹಿಡಿದು ಎಳೆದರು. ಕೆಳಮನೆಯ ಮುನಿವೆಂಕಟಯ್ಯ. ಈ ಕಟ್ಟಡ ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದಿದ್ದ ಮುದುಕ.

“ಇದ್ಯಾವ ಸೀಮೆ ಎಣಾನಪ್ಪ? ಎಣ ಅಂದ್ಮೇಲೆ ತಲೆ ದಕ್ಷಿಣಕ್ಕಿರ್ಬೇಕು. ಇಂಗೆ ಮನಗಿಸ್ತಾರಾ ಯಾರಾದ್ರೂ?”

“ಹೆಂಗರ ತಿರುಗಿಸ್ರಿ ಅಜ್ಜಾರ, ಲಗೂನ ತಿರುಗಿಸಿ ಬಿಡ್ರಿ,” ಎಂದು ಹೆಣ ಬೇಡಿಕೊಂಡಿತು. ಮುದುಕ ಸಾವಕಾಶವಾಗಿ ದಿಕ್ಕು ನೋಡಿ, ಅವನನ್ನು ಗರಗರ ತಿರುಗಿಸಿ, ಸಮಾಧಾನಪಟ್ಟುಕೊಂಡು ಹೋದ.

ಮತ್ತೆ ರೆಪ್ಪೆ ಮುಚ್ಚಿತು. ಆಗ ಹೆಂಡತಿ ನಿಂಗವ್ವ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಕವಾಯತಿನ ಸುದ್ದಿ ಅವಳಿಗೆ ಗೊತ್ತಿತ್ತು, ಗಂಡ ಹೆಣವಾದದ್ದು ಗೊತ್ತಿರಲಿಲ್ಲ. ಶೀಟಿನಿಂದ ಹೊರಗೆ ಚಾಚಿದ್ದ ಪಾದಗಳನ್ನು ಕಂಡದ್ದೇ ತಡ, ಚೀಲ ಒಗೆದು ಎದೆ ಬಡಿದುಕೊಂಡಳು.

“ಅಯ್ಯಯ್ಯೋ ನನ್ನ ಗಂಡಾ! ಚಾ ಸುದ್ದಾ ಕುಡೀದಽ ಹ್ವಾದ್ಯಲ್ಲೋ!”

“ಏ ಸುಮ್ಕಿರಬೇ, ನಾ ಸತ್ತಿಲ್ಲ!” ಎಂದು ಸಿದ್ರಾಮಪ್ಪ ದಡಕ್ಕನೆ ಎದ್ದು ಕೂತ. ಹೆಣ ಎದ್ದು ಕೂತದ್ದನ್ನು ಕಂಡು, ಮೂರ್ಛೆಯ ಪಾತ್ರದ ಹೆಂಗಸು ಸೈರನ್ನಿಗೆ ಮುಂಚೆಯೇ ನಿಜವಾಗಿ ಮೂರ್ಛೆ ಹೋದರು. ನಿಂಗವ್ವನ ಅಳು ಬೈಗುಳಕ್ಕೆ ತಿರುಗಿತು. “ಶುಕ್ರವಾರ ದಿನಾ ಹೆಣಾ ಆಗೀಯಲ್ಲಾ, ನಿನಗ ಬುದ್ಧಿ ಐತೇನು?” ಅವಳನ್ನು ಸಮಾಧಾನ ಮಾಡಿ ಒಳಗೆ ಕಳಿಸುವಷ್ಟರಲ್ಲಿ ಎಲ್ಲರಿಗೂ ಸಾಕಾಗಿಹೋಯಿತು.

ಆಮೇಲೆ ಸೈರನ್ ಕೂಗಿತು. ಜನ ಮೇಜಿನಡಿ ತೂರಿಕೊಂಡರು, ಕೂಗಾಡಿದರು, ತಲೆಯ ಮೇಲೆ ದಿಂಬು ಹೊತ್ತುಕೊಂಡು ಓಡಿದರು. ಮತ್ತೆ ಶೀಟಿನಡಿ ಸೇರಿದ್ದ ಸಿದ್ರಾಮಪ್ಪನಿಗೆ ಯಾವುದೂ ಕೇಳಿಸಲಿಲ್ಲ. ಪಾಪದ ಮನುಷ್ಯನಿಗೆ ಕೊನೆಗೂ ನಿದ್ದೆ ಬಂದಿತ್ತು. ನಿದ್ದೆಯ ಹಿಂದೆಯೇ ಗೊರಕೆಯೂ ಬಂತು. ಕೆಟ್ಟದ್ದು ಆ ಗೊರಕೆಯಿಂದ.

ರಕ್ಷಣಾ ತಂಡದ ನಾಯಕ ಎರಡನೆಯ ಮಹಡಿಯ ಮುರುಗೇಶ್. ಅವನಿಗೆ ಅಗ್ನಿಶಾಮಕ ಅಧಿಕಾರಿ ಒಂದು ಪಾಠವನ್ನು ಗಿಳಿಗೆ ಹೇಳಿದಂತೆ ಹೇಳಿಕೊಟ್ಟಿದ್ದರು: ಅವಶೇಷದ ಕಡೆಯಿಂದ ಶಬ್ದ ಕೇಳಿಸಿದರೆ ಅಲ್ಲಿ ಜೀವ ಇದೆ ಎಂದರ್ಥ. ಮುರುಗೇಶ್ ಮೇಜಿನ ಬಳಿ ಕಿವಿಗೊಟ್ಟ.

“ಲೇ ಮಚ್ಚಾ, ಶಬ್ದ ಬರ್ತಿದೆ ಕಣೋ! ಬಾಡೀಲಿ ಜೀವ ಇದೆ! ಎತ್ರೋ, ಇವ್ರನ್ನೇ ಫಸ್ಟ್ ಎತ್ರೋ!”

ಕೊನೆಯಲ್ಲಿ ಇಳಿಯಬೇಕಾದವನು ಹೀಗೆ ಎಲ್ಲರಿಗಿಂತ ಮೊದಲು ಸ್ಟ್ರೆಚರ್ ಏರಿದ. ಮೂರನೆಯ ಮಹಡಿಯಿಂದ ಎರಡನೆಯ ಮಹಡಿಯವರೆಗೆ ಗೊರಕೆ ಹೊಡೆಯುತ್ತಲೇ ಬಂದ. ಅಲ್ಲಿ ತಿರುವಿನಲ್ಲಿ, ತಲೆ ಮುಂದೆ ಹೋಗಬೇಕೋ ಕಾಲು ಮುಂದೆ ಹೋಗಬೇಕೋ ಎಂದು ಹೊತ್ತವರಲ್ಲಿ ಚರ್ಚೆ ಹತ್ತಿಕೊಂಡಿತು. “ಕಾಲು ಮುಂದೆ ಓಗೋದು ಎಣಕ್ಕೆ ಕಣ್ರಲಾ!” ಎಂದು ಕೆಳಗಿನಿಂದ ಮುನಿವೆಂಕಟಯ್ಯ ಕೂಗಿದ. ಅರ್ಧ ಜನ ಆ ಕಡೆ ತಿರುಗಿದರು, ಅರ್ಧ ಜನ ಈ ಕಡೆ. ಸಿದ್ರಾಮಪ್ಪ ಜಾರಿ, ಯಾರದೋ ಚಪ್ಪಲಿ ಸ್ಟ್ಯಾಂಡಿಗೆ ತಲೆ ಹೊಡೆಸಿಕೊಂಡು ಎಚ್ಚರಗೊಂಡ. ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟು ಎದ್ದಿತು.

ಪ್ರದರ್ಶನಕ್ಕೆಂದು ಬಂದಿದ್ದ ಆಂಬ್ಯುಲೆನ್ಸಿಗೆ ನಿಜವಾದ ರೋಗಿ ಸಿಕ್ಕಿದ. ಮನೆಯ ಮುಂದೆ ರಸ್ತೆ ಅಗೆದಿದ್ದರಿಂದ ಅದು ಮುಖ್ಯರಸ್ತೆಯಲ್ಲೇ ನಿಂತಿತ್ತು. ಅಲ್ಲಿಯವರೆಗೆ ರೋಗಿ ಹಣೆ ಹಿಡಿದುಕೊಂಡು ನಡೆದೇ ಹೋದ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು, ಕಾಯಿಸಿದರು, ಮತ್ತೆ ಕಾಯಿಸಿದರು. ಸಂಜೆ ಡಾಕ್ಟರು ಬಂದು, “ಗಾಬರಿಯಾಗೋಂಥದ್ದೇನಿಲ್ಲ. ಆದ್ರೆ ಇವತ್ತು ರಾತ್ರಿ ಕೆಲಸಕ್ಕೆ ಹೋಗ್ಬೇಡಿ, ಮನೇಲಿ ಮಲಗಿ,” ಎಂದರು.

ಸಿದ್ರಾಮಪ್ಪನಿಗೆ ಸ್ವರ್ಗ ಮೂರೇ ಗೇಣು. ಫೋನಿನಲ್ಲಿ ಸೂಪರ್‌ವೈಸರ್ ಕೂಡ ಕರಗಿದರು. “ರಾತ್ರಿಯೆಲ್ಲಾ ಚೆನ್ನಾಗಿ ನಿದ್ದೆ ಮಾಡು. ನಾಳೆ ಬೆಳಿಗ್ಗೆ ಫಸ್ಟ್ ಶಿಫ್ಟಿಗೆ ಬಾ. ಆದ್ರೆ ಮತ್ತೆ ತೂಕಡಿಸಿದ್ಯೋ, ಹಂಗೇ ವಾಪಸ್ ಹೋಗ್ತಾ ಇರು.” ಒಂದು ಇಡೀ ರಾತ್ರಿ! ಕೆಲಸವೂ ಉಳಿಯಿತು, ನಿದ್ದೆಯೂ ದಕ್ಕಿತು ಎಂದು ಅವನು ಬುಗುಟನ್ನು ಪ್ರೀತಿಯಿಂದ ಸವರಿಕೊಂಡ.

ಬಾಗಿಲಲ್ಲಿ ಡಾಕ್ಟರು, ಜೊತೆಗೆ ಬಂದಿದ್ದ ಜ್ಯೋತಿಲಕ್ಷ್ಮಿಯವರನ್ನು ತಡೆದರು. “ಒಂದು ಮಾತು. ತಲೆಗೆ ಪೆಟ್ಟು ಬಿದ್ದಿದೆ. ರಾತ್ರಿ ಗಂಟೆಗೊಂದ್ಸಲ ಎಬ್ಬಿಸಿ, ಹೆಸರು ಕೇಳಿ. ಸರಿಯಾಗಿ ಹೇಳ್ತಾರಾ ನೋಡಿ.”

“ಚಿಂತೆ ಬಿಡಿ ಡಾಕ್ಟ್ರೆ,” ಎಂದರು ಜ್ಯೋತಿಲಕ್ಷ್ಮಿ. “ನಮ್ಹತ್ರ ಟ್ರೈನಿಂಗ್ ಆದ ಟೀಮೇ ಇದೆ.”

ಅಪಾರ್ಟ್‌ಮೆಂಟ್ ತಲುಪುವುದರೊಳಗೆ ವಾಟ್ಸಾಪ್ ಗುಂಪಿನಲ್ಲಿ ಸರದಿ ತುಂಬಿಹೋಗಿತ್ತು. ಬೆಳಿಗ್ಗೆ ಸಾಯಲು ಒಬ್ಬರೂ ಸಿಗದ ಕಟ್ಟಡದಲ್ಲಿ, ಈಗ ಎಬ್ಬಿಸಲು ನಾ ಮುಂದು ತಾ ಮುಂದು. ತನಗೆ ಹೇಗೂ ನಿದ್ದೆ ಬರುವುದಿಲ್ಲವೆಂದು ಮುನಿವೆಂಕಟಯ್ಯ ಎರಡು ಸರದಿ ಹಿಡಿದಿದ್ದ.

ಮನೆಗೆ ಬಂದವನೇ ಸಿದ್ರಾಮಪ್ಪ ಹಾಸಿಗೆಗೆ ಬಿದ್ದ. ಹೊರಗೆ ಜೆಸಿಬಿಯೂ ಸುಮ್ಮನಾಗಿತ್ತು. ಕಣ್ಣು ಮುಚ್ಚಿದನೋ ಇಲ್ಲವೋ, ಯಾರೋ ಬಂದು ಹೆಸರು ಕೇಳಿ ಹೋದರು. ಮತ್ತೆ ಮುಚ್ಚಿದನೋ ಇಲ್ಲವೋ, ಇನ್ಯಾರೋ ಭುಜ ಅಲುಗಿಸಿದರು.

“ಸಾರ್, ನಿಮ್ಮ ಹೆಸರೇನು?” ಮುರುಗೇಶ್ ಟಾರ್ಚನ್ನು ಮುಖಕ್ಕೇ ಬಿಟ್ಟಿದ್ದ.

“ಈಗಷ್ಟ ಕೇಳಿ ಹ್ವಾದ್ರಲ್ಲೋ ತಮ್ಮಾ...”

“ಅದು ಪಕ್ಕದ ಮನೆ ಮೋನಿಕಾ ಮೇಡಂ, ಸಾರ್. ಪಾಪ, ಸರದಿಗೆ ಮುಂಚೆ ಪ್ರಾಕ್ಟೀಸ್ ಮಾಡಿದ್ರು. ಹೇಳಿ ಸಾರ್, ಹೆಸರು?”