ಮುಖ ಕಾಣದ ಜೋಡಿ

ಎಲ್ಲದಕ್ಕೂ ಮೂಲ ಆನಗೋಡಿನ ಒಂದು ಮೊಳೆ. ಕೊಟ್ಟೂರೇಶನ ಅತ್ತೆ ಯಲ್ಲಕ್ಕ ಮಗಳು ಅಳಿಯನ ಜೋಡಿ ಫೋಟೊ ತೂಗುಹಾಕಬೇಕೆಂದು ಮದುವೆಯಾದ ವಾರದಲ್ಲೇ ತನ್ನ ನಡುಮನೆಯ ಗೋಡೆಗೆ ಹೊಡೆಸಿದ ಮೊಳೆ ಅದು. ಮದುವೆಯಾಗಿ ಹನ್ನೆರಡು ವರ್ಷವಾದರೂ ಮೊಳೆಗೆ ನೇತಾಡುತ್ತಿರುವುದು ಸಂತೆಯ ಚೀಲ ಮಾತ್ರ.

ಅಳಿಯ ಬೇರೆ ಕಸುಬಿನವನಾಗಿದ್ದರೆ ಯಲ್ಲಕ್ಕ ಸುಮ್ಮನಿರುತ್ತಿದ್ದಳೇನೋ. ಆದರೆ ಕೊಟ್ಟೂರೇಶ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಸ್ಟುಡಿಯೊ ಇಟ್ಟುಕೊಂಡ ಫೋಟೊಗ್ರಾಫರ್. ಹೆಂಡತಿ ಉಮಾಮಹೇಶ್ವರಿಯ ಹೆಸರಿನಲ್ಲೇ ಸ್ಟುಡಿಯೊಗೆ 'ಉಮಾ ಡಿಜಿಟಲ್' ಎಂದು ಬೋರ್ಡು ಬರೆಸಿದ್ದಾನೆ. ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯೊಳಗೆ ಅರ್ಧ ನಿಟ್ಟುವಳ್ಳಿಯೇ ನಗುತ್ತಾ ಕೂತಿದೆ, ಉಮಾಮಹೇಶ್ವರಿಯೊಬ್ಬಳನ್ನು ಬಿಟ್ಟು. ಮದುವೆಯ ಆಲ್ಬಮ್ ತೆರೆದರೂ ಅದೇ ಪಾಡು. ಗೆಳೆಯನ ಕೈಗೆ ಕ್ಯಾಮೆರಾ ಕೊಟ್ಟು ನೆಮ್ಮದಿಯಾಗಿ ಕೂರಲಾರದೆ ಮದುಮಗ ಕೊಟ್ಟೂರೇಶ, ಲೈಟು ಸರಿಯಿಲ್ಲ, ಆ್ಯಂಗಲ್ ಸರಿಯಿಲ್ಲ ಎಂದು ಹಸೆಮಣೆಯಿಂದ ಎದ್ದೆದ್ದು ಹೋಗಿದ್ದ. ಹಾಗಾಗಿ ಮುಕ್ಕಾಲು ಫೋಟೊಗಳಲ್ಲಿ ಮದುಮಗಳ ಪಕ್ಕ ಖಾಲಿ ಮಣೆ ಇದೆ. ಆಮೇಲೂ ಆಗಾಗ ಟೈಮರ್ ಇಟ್ಟು ಓಡಿಬಂದು ಹೆಂಡತಿಯ ಪಕ್ಕ ನಿಂತದ್ದುಂಟು. ಕ್ಲಿಕ್ ಆಗುವ ಮುಂಚೆಯೇ ಏನೋ ಸರಿಮಾಡಲು ಮತ್ತೆ ಓಡಿದ್ದೂ ಉಂಟು.

ಇವತ್ತು ಅವರ ಮದುವೆಯ ದಿನ. ಬೆಳಿಗ್ಗೆ ಚಹಾ ಕೊಡುವಾಗಲೇ ಉಮಾಮಹೇಶ್ವರಿ ಹೇಳಿದ್ದಳು:

"ರೀ, ಇವತ್ತು ಸಂಜೆಯೊಳಗೆ ನಮ್ಮಿಬ್ರದೂ ಒಂದು ಫೋಟೊ ಆಗ್ಬೇಕು. ಅವ್ವ ಫೋನ್ ಮಾಡ್ದಾಗೆಲ್ಲ ಕೇಳ್ತಾಳೆ. ಏನೇನೋ ಹೇಳಿ ಹೇಳಿ ಸಾಕಾಗೈತೆ ನಂಗೆ."

"ಆಯ್ತು ಮಾರಾಯ್ತಿ. ಸಂಜಿಕೆ ಹರಿಹರದಾಗೆ ಹೊಳೆ ದಂಡೆ ಮೇಲೆ ಒಂದು ಆರ್ಡರ್ ಐತೆ. ನೀನೂ ಬಾ. ಅವ್ರದು ಮುಗಿಸಿ ನಮ್ದು ತೆಗಿಯಾನ."

"ನಮ್ದು ಮೊದ್ಲು."

"ಸೂರ್ಯ ಅವ್ರಿಗೆ ಬೇಕು ಕಣೆ. ನಮ್ಗೆ ಬೆಳಕಿದ್ರೆ ಸಾಕು."

ಅಲ್ಲಿಗೆ ತಾನು ಗೆದ್ದೆ ಎಂದುಕೊಂಡ ಕೊಟ್ಟೂರೇಶ. ಪಾಪ.

ಆರ್ಡರ್ ಎಸ್.ಎಸ್. ಬಡಾವಣೆಯ ಕೆಂಚವೀರಪ್ಪನವರದು. ಹುಟ್ಟಿದ್ದು ಆನಗೋಡಿನಲ್ಲೇ, ಈಗ ದಾವಣಗೆರೆಯಲ್ಲಿ ಮನೆ. ಮಗಳು ಬಿಂದುವಿನ ಮದುವೆ ಗೊತ್ತಾಗಿತ್ತು. ಛತ್ರದ ಬಾಗಿಲಿಗೆ ಹುಡುಗ ಹುಡುಗಿಯ ದೊಡ್ಡ ಫ್ಲೆಕ್ಸ್ ಹಾಕಲೇಬೇಕೆಂದು ಬೀಗಿತ್ತಿ ಪಟ್ಟು ಹಿಡಿದಿದ್ದಳು. ಕೆಂಚವೀರಪ್ಪನವರ ತಾಯಿ ಕರಿಯವ್ವ, ಕೊರಳಿಗೆ ತಾಳಿ ಬೀಳುವ ಮುಂಚೆ ಮೊಮ್ಮಗಳ ಮುಖವನ್ನು ಆಳೆತ್ತರ ಮಾಡಿ ಬೀದಿಗೆ ನಿಲ್ಲಿಸಿದರೆ ಊರವರ ಕಣ್ಣೆಲ್ಲ ತಾಗುತ್ತದೆಂದು ಅಡ್ಡಗಾಲು ಹಾಕಿದ್ದಳು. ಎರಡು ಮನೆಗಳ ನಡುವೆ ಮಾತು ಬಿರುಸಾಗುವ ಹೊತ್ತಿಗೆ ಕೊಟ್ಟೂರೇಶನೇ ದಾರಿ ತೋರಿಸಿದ್ದ. ಮುಳುಗುವ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಜೋಡಿಯನ್ನು ನಿಲ್ಲಿಸುವುದು. ಆಕಾಶ ಕೆಂಪಗೆ ಬರುತ್ತದೆ, ಇಬ್ಬರೂ ಬರೀ ಕಪ್ಪು ನೆರಳು. ಜೋಡಿಯೂ ಇರುತ್ತದೆ, ಮುಖವೂ ಕಾಣುವುದಿಲ್ಲ.

"ಮುಖ ಕಾಣ್ಲಿಲ್ಲಾಂದ್ರೆ ಯಾವನ ಕಣ್ಣೂ ತಾಗಲ್ಲ ಬಿಡು," ಎಂದು ಕರಿಯವ್ವ ಒಪ್ಪಿದ್ದಳು.

ಆದರೆ ನಾಳೆಗೇ ಅರಿಷಿಣ. ಅರಿಷಿಣ ಹಚ್ಚಿದ ಮೇಲೆ ಹುಡುಗಿ ಹೊಸ್ತಿಲು ದಾಟುವಂತಿಲ್ಲ. ಅಂದರೆ ಕೊಟ್ಟೂರೇಶನ ಪಾಲಿಗೆ ಇದ್ದದ್ದು ಇವತ್ತಿನ ಒಂದೇ ಸೂರ್ಯ.

ಬಿಸಿಲು ಇಳಿಯುವ ಮೊದಲೇ ಗಂಡ ಹೆಂಡತಿ ಸ್ಕೂಟರಿನಲ್ಲಿ ಹರಿಹರ ಸೇರಿದರು. ಕ್ಯಾಮೆರಾದ ಸ್ಟ್ಯಾಂಡನ್ನು ಎದೆಗವಚಿ ಹಿಂದೆ ಕೂತಿದ್ದ ಉಮಾಮಹೇಶ್ವರಿ ಹೊಸ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದಳು. ಹೊಳೆಯ ದಂಡೆಯಲ್ಲಿ ಕೆಂಚವೀರಪ್ಪ, ಕರಿಯವ್ವ, ಬಿಂದು ಮೂವರೂ ಆಗಲೇ ಬಂದು ನಿಂತಿದ್ದರು. ಬಿಂದು ಪ್ರೀವೆಡ್ಡಿಂಗ್ ಶೂಟಿಂಗಿಗೆಂದೇ ಬಾಡಿಗೆಗೆ ತಂದ ಗೌನನ್ನು ಚೂಡಿದಾರದ ಮೇಲೆಯೇ ಹಾಕಿಕೊಂಡಿದ್ದಳು. ಅದರ ಸೆರಗು ಹಿಂದೆ ಮಾರುದ್ದ ಹರಡಿಕೊಂಡು ದಂಡೆಯ ಮರಳನ್ನೆಲ್ಲ ಗುಡಿಸುತ್ತಿತ್ತು.

ಬರಬೇಕಾದವನು ಮದುಮಗ ಮಾರುತಿ ಒಬ್ಬನೇ.

ಕೊಟ್ಟೂರೇಶ ಅಷ್ಟರಲ್ಲಿ ಬೆಳಕು ನೋಡಿಕೊಳ್ಳಲು ಕರಿಯವ್ವ, ಕೆಂಚವೀರಪ್ಪ ಇಬ್ಬರನ್ನೇ ನಿಲ್ಲಿಸಿ ಒಂದು ಫೋಟೊ ತೆಗೆದು ತೋರಿಸಿದ. ಕೆಂಚವೀರಪ್ಪನವರ ಮುಖ ಇಳಿಯಿತು.

"ಏನ್ರೀ ಇದು, ನಾನು ಇಷ್ಟು ಕರ್ರಗಿದೀನಾ?"

"ಎಲ್ರೂ ಕರ್ರಗೇ ಬರ್ತಾರೆ ಯಜಮಾನ್ರೆ. ಅದೇ ಅದರ ಚೆಂದ."

"ಸುಟ್ಟ ಬದನೆಕಾಯಿ ಕಂಡಂಗೆ ಕಾಣ್ತೀಯ ನೋಡು," ಎಂದಳು ಕರಿಯವ್ವ ಬಲು ಸಂತೋಷದಿಂದ. "ಹಿಂಗಿದ್ರೆ ಯಾರ ದೃಷ್ಟಿನೂ ಆಗಲ್ಲ."

ಮಾರುತಿಗೆ ಫೋನ್ ಹೋಯಿತು. ಅವನು ದಾವಣಗೆರೆಯಲ್ಲಿ ಲಗ್ನಪತ್ರಿಕೆ ಹಂಚುತ್ತಿದ್ದ. ಪತ್ರಿಕೆಯನ್ನು ಬಾಗಿಲಲ್ಲಿ ಕೊಟ್ಟು ಬರುವ ಹಾಗಿಲ್ಲ. ಒಳಗೆ ಹೋಗಬೇಕು, ಕೂರಬೇಕು, ಕೊಟ್ಟದ್ದನ್ನು ತಿನ್ನಬೇಕು. ಒಂದು ಮನೆಯಲ್ಲಿ ತಿಂದು ಇನ್ನೊಂದು ಮನೆಯಲ್ಲಿ ಬೇಡವೆಂದರೆ ಆ ಮನೆಯವರು ಮದುವೆಗೇ ಬರುವುದಿಲ್ಲ.

"ಹೊಂಟೆ ಸರ್, ಇದೊಂದೇ ಮನೆ," ಎಂದ ಮಾರುತಿ. ಬಾಯಲ್ಲಿ ಮಿರ್ಚಿ ಇತ್ತು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದರೆ, "ದೊಡ್ಡಮ್ಮಾರು ಸಿಕ್ಕಿಬಿಟ್ರು ಸರ್, ಮಂಡಕ್ಕಿ ಕಲಸ್ತಾ ಅವ್ರೆ," ಎಂದ. ಆಮೇಲೆ ಮಾಡಿದಾಗ ಪಾಯಸ ಬಂದಿತ್ತು. ಸೂರ್ಯ ಇತ್ತ ಹೊಳೆಯಾಚೆಯ ತೆಂಗಿನ ಮರಗಳ ತಲೆಗೆ ಬಂದು ಕೂತಿದ್ದ. ಉಮಾಮಹೇಶ್ವರಿ ಒಂದು ಕಲ್ಲಿನ ಮೇಲೆ ಕೂತು ಹೂ ಸರಿಮಾಡಿಕೊಳ್ಳುತ್ತಾ, ಕೊಟ್ಟೂರೇಶ ಇತ್ತ ತಿರುಗಿದಾಗಲೆಲ್ಲ ಸೂರ್ಯನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು.

ಉಪಾಯ ಹೊಳೆದದ್ದು ಬಿಂದುವಿಗೆ. "ಸರ್, ಹೆಂಗೂ ಮುಖ ಕಾಣಲ್ಲ. ಅವ್ರ ಬದ್ಲಿ ನೀವೇ ನಿಂತ್ಬಿಡ್ರಿ. ಮಾರುತಿಗೆ ನಾನು ಹೇಳ್ತೀನಿ."

ಮಾರುತಿಯೂ ಫೋನಿನಲ್ಲೇ ಒಪ್ಪಿದ. "ನಿಂತ್ಕಳ್ರಿ ಸರ್. ಕರ್ರಗೆ ಬರೋದಕ್ಕೆ ನಾನೇ ಯಾಕ ಬೇಕು?"

ಆದರೆ ಕರಿಯವ್ವ ಕೋಲು ಅಡ್ಡ ಹಿಡಿದಳು. "ನಾಳೆ ಅರಿಷಿಣ ಇಟ್ಕೊಂಡು ನನ್ನ ಮೊಮ್ಮಗಳು ಪರಗಂಡಸಿನ ಎದುರಿಗೆ ಜೋಡಿಯಾಗಿ ನಿಲ್ಲಾದಾ? ನಾನಿರೋವರ್ಗೂ ಆಗಲ್ಲ. ಮತ್ತೆ ಈ ಕೂದ್ಲು ಬಿಚ್ಕೊಂಡು ಮುಚ್ಚಂಜೆ ಹೊತ್ತಲ್ಲಿ ಹೊಳೆದಂಡ್ಯಾಗೆ ನಿಲ್ಲಾದೂ ನಂಗೆ ಸರಿ ಕಾಣ್ತಿಲ್ಲ."

"ಮತ್ತೆ ಏನ್ ಮಾಡಾದವ್ವ?" ಎಂದು ಕೆಂಚವೀರಪ್ಪ ತಲೆ ಕೆರೆದುಕೊಂಡರು. "ಫ್ಲೆಕ್ಸಿನೋನು ಕಾಯ್ತಾ ಅವ್ನೆ. ಫೋಟೊ ಇಲ್ಲಾಂದ್ರೆ ಬೀಗ್ತಿ ಛತ್ರದಾಗೆ ಕಾಲಿಡಲ್ಲ."

ಕರಿಯವ್ವ ಸುತ್ತ ನೋಡಿದಳು. ಅವಳ ಕಣ್ಣು ಕಲ್ಲಿನ ಮೇಲೆ ಕೂತಿದ್ದ ಉಮಾಮಹೇಶ್ವರಿಯ ಮೇಲೆ ನಿಂತಿತು. "ಅವ್ನು ನಿಲ್ಲಾದಾದ್ರೆ ಅವ್ನ ಹೆಂಡ್ತಿ ನಿಲ್ಲಲಿ. ಅದು ಧರ್ಮ."

ಉಮಾಮಹೇಶ್ವರಿ ಒಪ್ಪುವ ಹೆಣ್ಣಲ್ಲ. "ನಾನು ನನ್ನ ಫೋಟೊಕ್ಕೆ ಬಂದಿದ್ದು. ಇದು ಅವ್ರದು."

"ಉಮಾ, ಮರ್ಯಾದೆ ಪ್ರಶ್ನೆ ಐತೆ," ಎಂದು ಕೊಟ್ಟೂರೇಶ ಪಿಸುಗುಟ್ಟಿದ. "ಇದು ಮುಗಿದ ತಕ್ಷಣ ಮುಖ ಕಾಣೋ ಹಂಗೆ ನಮ್ದು ತೆಗೀತೀನಿ. ಬಿಂದುನೇ ಬಟನ್ ಒತ್ತುತಾಳೆ."

ಗಂಡನ ಮುಖದಲ್ಲಿ ಅಳು ಒಂದೇ ಬಾಕಿ ಇದ್ದದ್ದು ಕಂಡು ಅವಳ ಮನಸ್ಸು ಕರಗಿತು. ಗೌನನ್ನು ಸೀರೆಯ ಮೇಲೆಯೇ ತೊಡಿಸಿದರು. ಹೂ ತೆಗೆದು ಜಡೆ ಬಿಚ್ಚಿದರು. ಕರಿಯವ್ವ ಸೆರಗನ್ನು ಹರಡಿ, ಗಾಳಿಗೆ ಹಾರದಂತೆ ಮೂಲೆಗೆ ಒಂದು ಕಲ್ಲಿಟ್ಟಳು. ಅದಕ್ಕೂ ಮುಂಚೆ ಇಬ್ಬರನ್ನೂ ನೀರಿನ ಹತ್ತಿರ ಕರೆದೊಯ್ದು ಒಂದು ಕೆಲಸ ಮಾಡಿಸಿದ್ದಳು.

"ಗಂಗವ್ವನ್ನ ಮುಟ್ಟಿ ಹೇಳ್ರಿ. ಫೋಟೊದಾಗೆ ಇರೋರು ಯಾರು ಅಂತ ಮದ್ವೆ ಮುಗಿಯೋವರ್ಗೂ ಯಾರಿಗೂ ಬಾಯಿ ಬಿಡಲ್ಲ ಅಂತ."

ಗಂಡ ಹೆಂಡತಿ ಇಬ್ಬರೂ ತುಂಗಭದ್ರೆಯ ನೀರು ಮುಟ್ಟಿ ಆಣೆ ಮಾಡಿದರು.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಎಲ್ಲ ಹೊಂದಿಸಿ, ಬಿಂದುವಿಗೆ ಬಟನ್ ತೋರಿಸಿ ಕೊಟ್ಟೂರೇಶ ಓಡಿಹೋಗಿ ಹೆಂಡತಿಯ ಎದುರು ನಿಂತ.

"ಸರ್, ಹೊಟ್ಟೆ ಒಳಕ್ಕೆ ಎಳ್ಕಳ್ರಿ," ಎಂದು ಬಿಂದು ಕೂಗಿದಳು. "ಮಾರುತಿಗೆ ಹೊಟ್ಟೆ ಇಲ್ಲ."

ಎಳೆದುಕೊಂಡ. ಉಸಿರು ನಿಂತಿತು. ಕ್ಯಾಮೆರಾ ನೇತುಹಾಕಿಕೊಂಡು ಹಾಕಿಕೊಂಡು ಅವನ ಕುತ್ತಿಗೆ ಬಾವಿಗೆ ಬಗ್ಗಿದವನ ಹಾಗೆ ಮುಂದಕ್ಕೆ ಬಾಗಿತ್ತು. ಅದನ್ನು ಹಿಂದಕ್ಕೆ ಎಳೆದರೆ ಹೊಟ್ಟೆ ಮುಂದೆ ಬರುತ್ತಿತ್ತು. ಎರಡನ್ನೂ ಒಟ್ಟಿಗೆ ಸಂಭಾಳಿಸಲಾಗದೆ, ಕುತ್ತಿಗೆಯನ್ನು ಅದರ ಪಾಡಿಗೆ ಬಿಟ್ಟು ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದ. ಇನ್ನೇನು ಆ್ಯಂಗಲ್ ನೋಡಲು ಓಡಬೇಕು, ಉಮಾಮಹೇಶ್ವರಿ ಅವನ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡಳು.

"ಅಲ್ಲಾಡಿದ್ರೆ ನೋಡ್ರಿ."

ಬೇರೆ ದಾರಿಯಿಲ್ಲದೆ ಕೊಟ್ಟೂರೇಶ ಹೆಂಡತಿಯ ಮುಖ ನೋಡಿದ. ಬಿಸಿಲಿನ ಕೊನೆಯ ಬೆಳಕು ಅವಳ ಕೆನ್ನೆಯ ಅಂಚಿಗೆ, ಹಾರುವ ಕೂದಲಿಗೆ ಹತ್ತಿಕೊಂಡಿತ್ತು. ಇಷ್ಟು ಚೆಂದದ ಮುಖವನ್ನು ಹನ್ನೆರಡು ವರ್ಷ ಮನೆಯಲ್ಲಿಟ್ಟುಕೊಂಡು ತಾನು ಊರವರ ಪಾಸ್‌ಪೋರ್ಟ್ ಸೈಜು ತೆಗೆಯುತ್ತಾ ಕೂತೆನಲ್ಲ ಎಂದು ಅವನಿಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಅವಳಿಗೂ ಒಳಗೊಳಗೆ ಖುಷಿಯಾಗಿತ್ತು, ತೋರಿಸಲಿಲ್ಲ ಅಷ್ಟೆ. ಬಿಂದು ಬಟನ್ ಒತ್ತಿದಳು.

ಫೋಟೊ ಅದ್ಭುತವಾಗಿ ಬಂದಿತ್ತು. ಕೆಂಪು ಆಕಾಶ, ಹೊಳೆಯುವ ನೀರು, ನಡುವೆ ಎರಡು ಕಪ್ಪು ಆಕೃತಿಗಳು, ನವಿಲಿನಂತೆ ಹರಡಿದ ಸೆರಗು. ಕೊಟ್ಟೂರೇಶ ಅದನ್ನು ಕೆಂಚವೀರಪ್ಪನವರ ಮೊಬೈಲಿಗೆ ಕಳಿಸಿದ್ದೇ ತಡ, ಅವರು ಫ್ಲೆಕ್ಸಿನವನಿಗೆ, ಬೀಗರಿಗೆ, ಹಾಗೇ ಕೈ ಜಾರಿದಷ್ಟು ಗ್ರೂಪುಗಳಿಗೆ ದಾಟಿಸಿದರು. 'ನಮ್ಮ ಬಿಂದು ಮತ್ತು ಅಳಿಯ' ಎಂದು ಬರೆಯುವುದೊಂದು ಅವಸರದಲ್ಲಿ ಮರೆತುಹೋಯಿತು. ಮೊಬೈಲಿಗೆ ಬೀಗಿತ್ತಿಯ ದನಿ ಆಗಲೇ ಬಂತು: "ನನ್ನ ಮಗನ ನಿಲುವು ನೋಡ್ರಿ, ಥೇಟ್ ಅವ್ರಪ್ಪನ ಹಂಗೆ."

ಎಲ್ಲರೂ ನಿರಾಳವಾಗಿ ನಕ್ಕರು. ಆ ಹೊತ್ತಿಗೆ ಮಾರುತಿಯೂ ಹೊಟ್ಟೆ ಹಿಡಿದುಕೊಂಡು ಬಂದು ಇಳಿದ. ಫೋಟೊ ನೋಡಿ, "ಪರ್ವಾಗಿಲ್ಲ, ಚೆನ್ನಾಗೇ ಬಂದೀನಿ," ಎಂದ.

ಗೌನು ಬಿಚ್ಚಿಸಿಕೊಂಡು ಅವರೆಲ್ಲ ಹೊರಟರು. ಉಮಾಮಹೇಶ್ವರಿ ಜಡೆ ಹೆಣೆದು, ಹೂ ಮುಡಿದು ಬಂದು ನಿಂತಾಗ ಸೂರ್ಯನೂ ಇರಲಿಲ್ಲ, ಬೆಳಕೂ ಇರಲಿಲ್ಲ, ಬಟನ್ ಒತ್ತುವ ಬಿಂದುವೂ ಇರಲಿಲ್ಲ.

"ನಾಳೆ ತೆಗಿಯಾನ ಬಿಡು," ಎಂದ ಕೊಟ್ಟೂರೇಶ. "ಹೆಂಗಿದ್ರೂ ಜೋಡಿ ಫೋಟೊ ಅಂತ ಒಂದು ಆತಲ್ಲ."

ಉಮಾಮಹೇಶ್ವರಿ ಸ್ಟ್ಯಾಂಡನ್ನು ಮಡಚಿ ಎದೆಗವಚಿಕೊಂಡಳು. ಅವನು ಸ್ಕೂಟರಿಗೆ ಕೀಲಿ ಹಾಕುವಾಗ ಅವನ ಫೋನು ಬಡಿದುಕೊಂಡಿತು. ಆನಗೋಡಿನಿಂದ ಯಲ್ಲಕ್ಕ.

"ಅಳಿಯಂದ್ರೆ, ಹರಿಹರದ ಹೊಳೆದಂಡ್ಯಾಗೆ ಇದೀರಂತೆ."

"ಹೌದತ್ತೆ. ಯಾರು ಹೇಳಿದ್ರು?"

"ಯಾರು ಹೇಳ್ಬೇಕು, ಫೋಟೊನೇ ಬಂದೈತಲ್ಲ. ನಮ್ಮೂರ ಗ್ರೂಪಿಗೆ ಬಂದಿದ್ದು, ನನ್ನ ಮಗ ತೋರಿಸ್ದ. ಕತ್ಲಾಗೆ ನಿಂತ್ರೆ ಗೊತ್ತಾಗಲ್ಲ ಅಂದ್ಕಂಡ್ರೇನು? ಆ ಕುತ್ತಿಗೆ ಈ ಸೀಮೇಲಿ ಇನ್ನೊಬ್ರಿಗಿಲ್ಲ. ನಾನು ಕೇಳ್ತಿರಾದು ಒಂದೇ. ಕೈ ಕೈ ಹಿಡ್ಕಂಡು ನಿಂತ ಆ ಹೆಂಗ್ಸು ಯಾರು?"

ಕೊಟ್ಟೂರೇಶ ಬಾಯಿ ತೆರೆದ. ಮುಟ್ಟಿದ ನೀರು ನೆನಪಾಯಿತು. ಆದರೂ ಪ್ರಾಣ ಮುಖ್ಯವೆಂದು, "ಅತ್ತೆ, ಅದು... ನಿಮ್ಗೆ ಬೇಕಾದೋರೇ ಅದು," ಎಂದ.

"ನಮಗೆ ಬೇಕಾದೋರಾ? ನನ್ನ ಮಗಳು ಅಂತ ಹೇಳಿದ್ರೂ ಹೇಳ್ತೀರಿ ನೀವು. ನನ್ನ ಮಗಳು ಆ ನೆಲ ಗುಡಿಸೋ ಲಂಗ ಹಾಕ್ತಾಳಾ? ಮುಚ್ಚಂಜೆ ಹೊತ್ತು ಕೂದ್ಲು ಬಿಟ್ಕೊಂಡು ಹೊಳೆದಂಡೆಗೆ ನಿಲ್ತಾಳಾ? ನಾನು ಹಂಗೆ ಬೆಳೆಸಿಲ್ಲ ಅವ್ಳನ್ನ. ನಾಳೆ ಹೊತ್ತುಟ್ಟೋ ಮುಂಚೆ ಮಗನ್ನ ಕರ್ಕೊಂಡು ಬರ್ತೀನಿ. ನಾಕು ಜನ ಹಿರೇರೂ ಬರ್ತಾರೆ. ಎಲ್ಲಿ, ನನ್ನ ಮಗಳು ಎಲ್ಲಿ ಅವ್ಳೆ, ಪಾಪ?"

ಕೊಟ್ಟೂರೇಶ ಫೋನನ್ನು ಹೆಂಡತಿಗೆ ಚಾಚಿದ. ಒಂದೇ ಮಾತು ಸಾಕಿತ್ತು. ಆಣೆ ಮುರಿದ ಪಾಪವನ್ನು ಬೇಕಾದರೆ ತಾನೇ ಹೊತ್ತುಕೊಳ್ಳುತ್ತೇನೆಂದು ಎರಡು ಕೈ ಮುಗಿದು ತೋರಿಸಿದ.

ಉಮಾಮಹೇಶ್ವರಿ ಫೋನ್ ಕಿವಿಗಿಟ್ಟುಕೊಂಡಳು. ಗಂಡನನ್ನು ಕಾಲಿಂದ ತಲೆವರೆಗೆ ಒಮ್ಮೆ ನೋಡಿದಳು.

"ಹೂಂ ಅವ್ವಾ, ನಾನೂ ನೋಡ್ದೆ ಫೋಟೊನ. ಇವ್ರೇ, ಅನುಮಾನ ಇಲ್ಲ." ಅವಳ ದನಿಯಲ್ಲಿ ಬೆಣ್ಣೆ ಕರಗುತ್ತಿತ್ತು. "ಆ ಹೆಂಗ್ಸು ಯಾರು ಅಂತ ಮಾತ್ರ ನಂಗೂ ಗುರ್ತು ಸಿಗ್ತಿಲ್ಲವ್ವ. ಹೆಂಗೆ ಸಿಗ್ಬೇಕು, ಮುಖನೇ ಕಾಣ್ತಿಲ್ಲಲ್ಲ."