ಎಂಬತ್ತೆಂಟನೇ ಪುಟದ ಹೆಬ್ಬೆರಳು

ಮಾರಿಕುಪ್ಪಂ ನಿಲ್ದಾಣದಲ್ಲಿ ರೈಲು ಉದ್ದಕ್ಕೆ ಕೂಗಿತು. ಆ ಕೂಗಿಗೆ ಗಂಗರತ್ನಮ್ಮನ ಮನೆಯ ಪಾತ್ರೆಗಳು ದಿನವೂ ನಡುಗುತ್ತವೆ. ಇವತ್ತು ಹಿಂದಿನ ಬೀದಿಯ ಗಣಿ ಕಡತಗಳ ಕೋಣೆಯಲ್ಲಿ ಕೂತು ಅವಳು ಆ ಕೂಗಿಗೆ ಕಿವಿಗೊಟ್ಟಿದ್ದಳು. ಸ್ಕ್ಯಾನ್ ಮಾಡುವುದನ್ನು ಕಲಿಸಲು ಬೆಂಗಳೂರಿನಿಂದ ಬಂದಿದ್ದ ಶ್ರೀಧರ್, ಅವಳ ಒಂದು ವಾರದ ಕೆಲಸವನ್ನು ಕಂಪ್ಯೂಟರಿನಲ್ಲಿ ಪುಟಪುಟವಾಗಿ ತೆರೆಯುತ್ತಿದ್ದ. ಅದು ದೀಪದ ರಿಜಿಸ್ಟರು: ಗಣಿಗಿಳಿಯುವವರು ಯಾವ ದೀಪ ಪಡೆದರು, ಯಾವಾಗ ಮರಳಿಸಿದರು ಎಂಬ ಲೆಕ್ಕ. ಪ್ರತಿ ಪುಟದ ಬಲತುದಿಯಲ್ಲೂ, ಷರಾ ಬರೆಯುವ ಜಾಗದಲ್ಲಿ, ಒಂದು ಹೆಬ್ಬೆರಳು.

ಶ್ರೀಧರ್: ಇದೂ ನಿಮ್ಮ ಬೆರಳೇನಾ?

ಗಂಗರತ್ನಮ್ಮ: ಇನ್ಯಾರ್ದು ಸಾರ್? ಹಾಳೆ ಮೇಲಕ್ಕೆ ಏಳ್ತಿತ್ತು, ಒತ್ತಿ ಇಡ್ಕೊಂಡೆ.

ಶ್ರೀಧರ್: ಒತ್ತೋಕೆ ಗಾಜು ಕೊಟ್ಟಿದ್ನಲ್ಲಮ್ಮಾ?

ಗಂಗರತ್ನಮ್ಮ: ಗಾಜು ತಣ್ಣಗಿರ್ತದೆ. ತೊಂಬತ್ತು ವರ್ಸದ ಹಾಳೆ, ಸೀತ ಆಗಲ್ವಾ?

ಮೇಲ್ವಿಚಾರಕ ಕೋದಂಡಪ್ಪ ಮೂಲೆಯಲ್ಲಿ ಪುರಿ ಮೆಲ್ಲುತ್ತಾ ಕಿಸಕ್ಕೆಂದ.

ಶ್ರೀಧರ್: ಸಾರ್, ಇಲ್ಲಿ ತಿನ್ನಬಾರದು ಅಂತ ಮೊದಲನೇ ದಿನವೇ ಹೇಳಿದ್ದೆ.

ಕೋದಂಡಪ್ಪ: ತಿಂತಿಲ್ಲ ಸಾರ್. ಮುಗಿಸ್ತಾ ಇವ್ನಿ.

ಶ್ರೀಧರ್: ಎಂಬತ್ತಾರು, ಬೆರಳು. ಎಂಬತ್ತೇಳು, ಬೆರಳು.

ಗಂಗರತ್ನಮ್ಮ ಎದ್ದು ನಿಂತಳು. ಎಂಬತ್ತೆಂಟರಲ್ಲಿ ಅವಳ ತಾತನ ಹೆಸರಿತ್ತು. ಹೆಸರಿನ ಮುಂದೆ ಯಾರೂ ನೋಡಬಾರದ ಒಂದು ಸಾಲಿತ್ತು.

ಗಂಗರತ್ನಮ್ಮ: ಸಾರ್, ನಿಮ್ ರೈಲು ಓಗ್ತದೆ!

ಶ್ರೀಧರ್: ಹೋಗ್ಲಿ. ಬಂಗಾರಪೇಟೆಗೆ ಬಸ್ಸಿದೆ. ಎಂಬತ್ತೆಂಟು... ಇಲ್ಲಿ ಎರಡು ಬೆರಳು ಯಾಕೆ?

ಗಂಗರತ್ನಮ್ಮ: ಈ ಹಾಳೆ ವಸಿ ತುಂಟ.

ಶ್ರೀಧರ್ ಎದ್ದು ಹೋಗಿ ಮೂಲ ರಿಜಿಸ್ಟರನ್ನೇ ಬಿಚ್ಚಿದ. ಬೇರೆ ಪುಟಗಳ ಷರಾ ಖಾಲಿ. ಎಂಬತ್ತೆಂಟರಲ್ಲಿ ಮಾತ್ರ ಕೆಂಪು ಶಾಯಿ.

ಶ್ರೀಧರ್: ಮುನಿಸ್ವಾಮಪ್ಪ, ಬೂದಿಕೋಟೆ. ದೀಪ ನಂಬರ್ ನಾನೂರ ಹನ್ನೊಂದು. ವಾಪಸ್ ಬಂದಿಲ್ಲ. ಮೂರು ಸಲ ಕೇಳಿದರೂ ಕೊಟ್ಟಿಲ್ಲ.

ಕೋದಂಡಪ್ಪ: ಅಮ್ಮಯ್ಯಾ, ನಿಮ್ ತಾತ ಅಲ್ವಾ ಇದು? ಗಣಿಯ ಬಿಳಿ ದೊರೆ ಮೆಚ್ಚಿ ಕೊಟ್ಟಿದ್ ದೀಪ ಅಂತ ದೀಪಾವಳಿಗೆ ನನ್ ಕೈಲೂ ಅಡ್ಡ ಬೀಳಿಸ್ದೆಯಲ್ಲ!

ಗಂಗರತ್ನಮ್ಮ: ಮೆಚ್ಚಿದ್ದು ನಿಜ ಕಣಣ್ಣ. ದೊರೆ ಮೆಚ್ಚಿದ್ನೋ, ತಾತ ಮೆಚ್ಚಿದ್ನೋ, ಅದೊಂದು ಗೊತ್ತಿರ್ಲಿಲ್ಲ.

ಶ್ರೀಧರ್: ಒಂದು ಸಾಲು ಮುಚ್ಚೋಕೆ ಇನ್ನೂರು ಪುಟಕ್ಕೂ ಬೆರಳಿಟ್ರಾ?

ಗಂಗರತ್ನಮ್ಮ: ಒಂದೇ ಪುಟದಾಗೆ ಇಟ್ಟಿದ್ರೆ ನಿಮಗೆ ಅನುಮಾನ ಬರ್ತಿರ್ಲಿಲ್ವಾ?

ಶ್ರೀಧರ್ ತಾನೇ ಎಂಬತ್ತೆಂಟನೇ ಪುಟವನ್ನು ಸ್ಕ್ಯಾನರಿನ ಕೆಳಗಿಟ್ಟು ಗಾಜು ಒತ್ತಿದ.

ಗಂಗರತ್ನಮ್ಮ: ಇದೆಲ್ಲ ನಾಳೆ ಫೋನಾಗೆ ಬತ್ತದಲ್ಲ ಸಾರ್. ಬೇತಮಂಗಲದ ಬೀಗ್ರು ನನ್ ಮಗಳು ನವ್ಯನ್ನ ಒಪ್ಪಿದ್ದೇ ದೊರೆ ದೀಪದ ಮನೆ ಅಂತ. ಲಗ್ನ ಆಗೋಗಂಟ ಆ ಸಾಲು ಅಳಿಸ್ಬಿಡಿ.

ಶ್ರೀಧರ್: ಅಳಿಸೋದಾ? ದಾಖಲೆ ಹೇಗಿದೆಯೋ ಹಾಗೇ ಇರಬೇಕು. ಒಂದಕ್ಷರ ತೆಗೆಯೋ ಹಾಗಿಲ್ಲ, ಒಂದಕ್ಷರ ಸೇರಿಸೋ ಹಾಗಿಲ್ಲ. ಅಲ್ಲಾ... ಆ ದೀಪ ಇನ್ನೂ ಇದೆಯಾ? ತಂದುಕೊಡಿ! ರಿಜಿಸ್ಟರ್ ಪಕ್ಕದಲ್ಲೇ ಗಾಜಿನ ಪೆಟ್ಟಿಗೇಲಿ ಇಡೋಣ.

ಗಂಗರತ್ನಮ್ಮ: ತಂದ್ಕೊಟ್ರೆ, ವಾಪಸ್ ಬಂತು ಅಂತ ಇದ್ರಾಗೆ ಬರೀತೀರಾ?

ಶ್ರೀಧರ್: ಈಗಷ್ಟೇ ಹೇಳಿದೆನಲ್ಲ. ಬರೆಯೋ ಹಾಗಿಲ್ಲ.

ಗಂಗರತ್ನಮ್ಮ ರಿಜಿಸ್ಟರಿಗೆ ಬಟ್ಟೆ ಸುತ್ತಿ, ಗಂಟು ಬಿಗಿದು, ಬ್ಯಾಗು ಹೆಗಲಿಗೇರಿಸಿದಳು.

ಗಂಗರತ್ನಮ್ಮ: ಅಂಗಾದ್ರೆ ಕೊಡಂಗಿಲ್ಲ ಸಾರ್. ವಾಪಸ್ ಬಂದಿಲ್ಲ ಅಂತ ದಾಖಲೆ ಐತೆ. ನಾನು ತಂದಿಟ್ರೆ ದಾಖಲೆ ಸುಳ್ಳಾಗಲ್ವಾ? ನೀವು ಇಷ್ಟು ಕಷ್ಟಪಟ್ಟು ಕಲಿಸಿದ್ದು ನೀರಾಗೋಗ್ತದೆ.

ಕೋದಂಡಪ್ಪ: ಅದು ಸರಿ, ಬೀಗ್ರಿಗೆ ಏನೇಳ್ತೀಯ?

ಅವಳು ಆಗಲೇ ಹೊಸ್ತಿಲು ದಾಟಿದ್ದಳು. ಬೀದಿಯ ಬಿಸಿಲಿನಿಂದ ಮಾತು ಮಾತ್ರ ಕೇಳಿಸುತ್ತಿತ್ತು.

ಗಂಗರತ್ನಮ್ಮ: ದೊರೆ ಮೆಚ್ಚಿ ಕೊಟ್ಟಿದ್ದು ಅಂದ್ರೆ ಏನ್ ಮಹಾ ಅಣ್ಣ? ದೊರೇನೇ ಮೂರ್ ಸಲ ಬಂದು ಕೈಯೊಡ್ಡಿದ್ರೂ ಕೊಡ್ಲಿಲ್ಲ ನಮ್ ತಾತ, ಬೇಕಿದ್ರೆ ಎಂಬತ್ತೆಂಟನೇ ಪುಟ ನೋಡ್ಕಳ್ಳಿ ಅಂತ ನಾನೇ ಬೀಗ್ರಿಗೆ...