ಅತ್ತೆಯ ಕೋರ್ಟಿನಲ್ಲಿ ಗೆದ್ದವರೇ ಬಡಿಸಬೇಕು

ನಮ್ಮ ಸೋದರತ್ತೆ ಕಾನೂನು ಕಲಿತದ್ದು ಟಿ.ವಿ. ನೋಡಿ. ನಗಬೇಡಿ! ಹೈಕೋರ್ಟಿನವರೆಗೆ ಹೋಗಿ ಬಂದವರೂ ಅವರ ಜಗಲಿ ಹತ್ತುವಾಗ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕಂಕುಳಿಗೆ ಸೇರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕುಶಾಲನಗರದಿಂದ ಸುಂಟಿಕೊಪ್ಪದವರೆಗೆ ಯಾರ ಹಸು ಯಾರ ಬೇಲಿ ಹಾರಿದರೂ ಜನಕ್ಕೆ ವಕೀಲರಿಗಿಂತ ಮೊದಲು ನೆನಪಾಗುವುದು ನಮ್ಮ ಅತ್ತೆ.

ಒಂದೇ ಚಾನೆಲ್ ಇದ್ದ ಕಾಲದಲ್ಲಿ ವಾರಕ್ಕೊಂದು ಸಂಜೆ ಒಂದು ನಗೆ ಧಾರಾವಾಹಿ ಬರುತ್ತಿತ್ತಂತೆ. ಹಿರಿಯರೊಬ್ಬರು ವಕೀಲರು, ಮಗಳೂ ವಕೀಲೆ, ಅಳಿಯನೂ ವಕೀಲ. ಮನೆಯ ಮುಂದಿನ ಕೋಣೆ ಆಫೀಸು, ಹಿಂದೆ ಅಡುಗೆಮನೆ. ಎಂಥ ಕೇಸೇ ಇರಲಿ, ಕಂತು ಮುಗಿಯುವುದು ಊಟದಲ್ಲೇ. ಜಗಳವಾಡಿದವರಿಬ್ಬರೂ ಒಂದೇ ಪಂಕ್ತಿಯಲ್ಲಿ ಕೂರಬೇಕು, ಗೆದ್ದವನು ಎದ್ದು ಸೋತವನಿಗೆ ಬಡಿಸಬೇಕು. ಅದು ಕಥೆ ಬರೆದವನ ತಮಾಷೆ ಅಷ್ಟೆ. ಅತ್ತೆ ಮಾತ್ರ ಅದನ್ನು ದೇಶದ ಕಾನೂನೆಂದೇ ತಿಳಿದರು! ಇಂದಿಗೂ ಹಾಗೆಯೇ ತಿಳಿದಿದ್ದಾರೆ. ತಿದ್ದುವ ಎದೆಗಾರಿಕೆ ಯಾರಿಗಿದೆ?

ಕೇಸು ಬಂತೆಂದರೆ ಅತ್ತೆ ಸೀರೆಯ ಮೇಲೆ ತೀರಿಹೋದ ಮಾವನ ಮದುವೆಯ ಕರಿ ಕೋಟು ಏರಿಸುತ್ತಾರೆ. ಒಮ್ಮೆ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಚಾ ಅಂಗಡಿಯ ಮಲಯಾಳಿ ಕಾಕನ ಆಡು ತಮ್ಮ ಅವರೆ ಬಳ್ಳಿ ಪೂರಾ ತಿಂದಿತೆಂದು ಕೂಗಾಡುತ್ತ ಬಂದರು. ವಿಚಾರಣೆ ನಡೆದು ರೈಟರೇ ಗೆದ್ದರು. ಗೆದ್ದ ತಪ್ಪಿಗೆ ಸೌಟು ಹಿಡಿದು ಕಾಕನ ಎಲೆಗೆ ಕುಂಬಳಕಾಯಿ ಸಾಂಬಾರು ಬಡಿಸಬೇಕಾಯಿತು. ಕಾಕ ಒಂದು ತುತ್ತು ತಿಂದು, ಉಪ್ಪು ಸ್ವಲ್ಪ ಕಮ್ಮಿ ಎಂದರು. ರೈಟರು ತಾವೇ ಓಡಿಹೋಗಿ ಉಪ್ಪು ತಂದರು! ಆಮೇಲೆ ಆ ಆಡಿಗೆ ಸೊಪ್ಪು ಹಾಕಿ ಬೆಳೆಸಿದವರೇ ಅವರು. ವಿರಾಜಪೇಟೆಯಲ್ಲಿ ನಿಜವಾದ ವಕೀಲನಾಗಿರುವ ನಮ್ಮ ನೆಂಟನೊಬ್ಬ, ಇದು ಯಾವ ಸೆಕ್ಷನ್ ಅತ್ತೆ ಎಂದು ಕೆಣಕಲು ಬಂದಿದ್ದ. ಅತ್ತೆ ಅವನ ಮುಂದೆಯೂ ಎಲೆ ಹಾಕಿದರು. ಎರಡನೇ ಸಲ ಅನ್ನ ಹಾಕಿಸಿಕೊಂಡವನು ಸೆಕ್ಷನ್ ಸುದ್ದಿ ಎತ್ತಲಿಲ್ಲ.

ಇಷ್ಟು ದೊಡ್ಡ ನ್ಯಾಯಾಧೀಶರಿಗೆ ಬಗೆಹರಿಯದ ಕೇಸು ಒಂದೇ ಒಂದಿತ್ತು. ಅದು ಅವರದೇ. ಎದುರು ಕಕ್ಷಿ ಅವರ ಸ್ವಂತ ತಮ್ಮ, ಅಂದರೆ ನಮ್ಮಪ್ಪ.

ಎರಡು ಮನೆಗೂ ಕಾಫಿ ಒಣಗಿಸುವ ಕಣ ಒಂದೇ. ಒಂದು ವರ್ಷ ಅಪ್ಪನ ದುಬಾರಿ ಅರೇಬಿಕಾ ರಾಶಿಯಲ್ಲಿ ಅತ್ತೆಯ ಅಗ್ಗದ ರೋಬಸ್ಟಾ ಬೆರೆತುಹೋಯಿತು. ಬೆರೆಸಿದ್ದು ಗಾಳಿಯೋ, ಕೋಳಿಯೋ, ಆಳೋ? ಅಕ್ಕನೇ ಎಂದು ಅಪ್ಪ ಹಟ ಹಿಡಿದು ಕಣದ ನಡುವೆ ಮುಳ್ಳುತಂತಿ ಎಳೆಸಿದರು. ಮೂರು ಕೊಯ್ಲು ಕಳೆದರೂ ಮಾತಿಲ್ಲ. ನೀವೇ ತೀರ್ಪು ಕೊಟ್ಟುಬಿಡಿ ಎಂದರೆ ಅತ್ತೆ ಒಪ್ಪರು. ತನ್ನ ಕೇಸನ್ನು ತಾನೇ ನಡೆಸಬಾರದೆಂದು ಟಿ.ವಿ.ಯ ಹಿರಿಯ ವಕೀಲರು ಹೇಳಿದ್ದಾರಲ್ಲ!

ಇಲ್ಲೊಂದು ಹಳೆಯ ಸಂಗತಿ ಹೇಳಬೇಕು. ಆ ಕಾಲದಲ್ಲಿ ಆಂಟೆನಾ ಇದ್ದದ್ದು ಮನೆ ಮುಂದಿನ ಸಿಲ್ವರ್ ಓಕ್ ಮರದ ಮೇಲೆ. ಹುಡುಗನಾಗಿದ್ದ ಅಪ್ಪ ಮರ ಹತ್ತಿ ಅದನ್ನು ಮಡಿಕೇರಿಯ ಟವರ್ ಕಡೆ ತಿರುಗಿಸುತ್ತ, "ಬಂತಾ ಅಕ್ಕಾ?" ಎಂದು ಕೂಗುವುದು. ಚಿತ್ರ ಬಂದೊಡನೆ ಅತ್ತೆ, "ಬಂತು, ಅಲ್ಲೇ ಇರು!" ಎನ್ನುವುದು. ಪಾಪ, ಕಂತು ಮುಗಿಯುವವರೆಗೆ ಅಪ್ಪ ಅಲ್ಲೇ. ಕೆಳಗಿನ ನಗು ಮಾತ್ರ ಅವರ ಪಾಲಿಗೆ. ಕಥೆಯನ್ನು ಆಮೇಲೆ ಅಕ್ಕ ಹೇಳಬೇಕು. ಕೊನೆಯ ಕಂತಿನ ದಿನ ಹಿರಿಯ ವಕೀಲರಿಗೂ ಮಗಳಿಗೂ ಜಗಳ ಹತ್ತಿ, ಮಗಳು ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಹೊರಗೆ ದೊಪ್ಪೆಂಬ ಸದ್ದು. ಆಂಟೆನಾ ಸಮೇತ ಅಪ್ಪ ನೆಲದ ಮೇಲೆ! ಅತ್ತೆ ಟಿ.ವಿ. ಬಿಟ್ಟು ಓಡಿದರು. ಅಪ್ಪನ ಕೈ ಮುರಿದಿತ್ತು, ಇಂದಿಗೂ ಮೊಣಕೈ ಸ್ವಲ್ಪ ಸೊಟ್ಟ. ಟಿ.ವಿ.ಯ ಅಪ್ಪ ಮಗಳು ಮತ್ತೆ ಒಂದಾದರೋ ಇಲ್ಲವೋ, ಅತ್ತೆಗೆ ತಿಳಿಯಲೇ ಇಲ್ಲ.

ಕಳೆದ ಕೊಯ್ಲಿನಲ್ಲಿ ನನಗೆ ಆ ಕಂತು ಮೊಬೈಲಿನಲ್ಲಿ ಸಿಕ್ಕಿತು. ಖುಷಿಯಲ್ಲಿ ಅತ್ತೆಗೆ ಹೇಳಿಬಿಟ್ಟೆ. ಅವರು, "ನಮ್ ವಕೀಲ್ರು ಆ ಜಗಳ ಹೆಂಗ್ ಮುಗಿಸಿದ್ರೋ, ನಾನೂ ಹಂಗೇ ಮುಗಿಸ್ತೀನಿ ಮಗಾ" ಎಂದರು. ಮನೆಗೆ ಬಂದು ಪೂರ್ತಿ ನೋಡಿದೆ. ಆ ಅಪ್ಪ ಮಗಳು ಒಂದಾಗುವುದೇ ಇಲ್ಲ! ಮಗಳು ಎದುರು ಬೀದಿಯಲ್ಲಿ ಬೇರೆ ಬೋರ್ಡು ಹಾಕುತ್ತಾಳೆ, ಎಲ್ಲರೂ ನಗುತ್ತಾರೆ, ಮುಗಿಯಿತು. ನೆಟ್‌ವರ್ಕ್ ಇಲ್ಲವೆಂದು ವಾರವಿಡೀ ಅತ್ತೆಗೆ ತೋರಿಸದೆ ತಪ್ಪಿಸಿಕೊಂಡೆ. ಆದರೆ ಕಣದಲ್ಲಿ ನೆಟ್‌ವರ್ಕ್ ಸಿಗುವುದು ಅತ್ತೆಗೂ ಗೊತ್ತು.

ಕೊನೆಗೆ ಕಣಕ್ಕೇ ಕುರ್ಚಿ ತರಿಸಿ, ಮುಳ್ಳುತಂತಿಯ ಪಕ್ಕದಲ್ಲೇ ಕೂತರು. ಆಚೆ ಬದಿಯಲ್ಲಿ ಅಪ್ಪ ನಮಗೆ ಬೆನ್ನು ಮಾಡಿ ಕಾಫಿ ಕೆದಕುತ್ತಿದ್ದರು. ಧಾರಾವಾಹಿಯ ಹಳೆಯ ಸಂಗೀತ ಶುರುವಾದದ್ದೇ ಕೆದಕುವ ಸದ್ದು ನಿಂತಿತು. ಮಗಳು ಚೀಲ ಹಿಡಿದು ಬಾಗಿಲಿಗೆ ಬಂದಳು. ಸರಿಯಾಗಿ ಅಲ್ಲಿಗೇ ಚಿತ್ರ ನಿಂತು ಚಕ್ರ ತಿರುಗತೊಡಗಿತು. ಅತ್ತೆ ಮೊಬೈಲನ್ನು ಆ ಕಡೆ ಈ ಕಡೆ ತಿರುಗಿಸಿದರು.

ಬೆನ್ನು ತಿರುಗಿಸಿಕೊಂಡೇ ಅಪ್ಪ ಕೇಳಿದರು, "ಬಂತಾ ಅಕ್ಕಾ?"

ಅತ್ತೆ ತಂತಿಯ ಕಡೆ ತಿರುಗಿದರು. "ಇನ್ನೂ ಇಲ್ಲ ಕಣೋ. ಅಲ್ಲೇ ಇರ್ಬೇಡ, ಈ ಕಡೆ ಬಾ."

ಅಪ್ಪ ತಾವೇ ಎಳೆಸಿದ ತಂತಿಯನ್ನು ತುಳಿದು ಬಗ್ಗಿಸಿ ದಾಟಿ ಬಂದರು. ಜೀವಮಾನದಲ್ಲಿ ಮೊದಲ ಸಲ ಅಕ್ಕನ ಪಕ್ಕ ಕೂತು ಆ ಧಾರಾವಾಹಿ ನೋಡಿದರು. ಚಕ್ರ ನಿಂತು ಚಿತ್ರ ಮುಂದುವರಿಯಿತು. ಬೇರೆ ಬೋರ್ಡು ಏರಿತು, ಮೊಬೈಲಿನೊಳಗಿನವರೆಲ್ಲ ನಕ್ಕರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಮೊಬೈಲನ್ನು ಮಗುಚಿ ಮಡಿಲಲ್ಲಿಟ್ಟರು.

"ತೀರ್ಪು ಸರಿಯಿಲ್ಲ," ಎಂದರು ಕಡೆಗೆ. "ಇದ್ಕೆ ಅಪೀಲು ಹೋಗ್ಬೇಕು."

ಹೇಳಿ ಒಳಗೆ ನಡೆದರು, ಹಿಂದೆಯೇ ಅಪ್ಪನೂ. ಟಿ.ವಿ.ಯ ವಕೀಲರನ್ನೇ ತಳ್ಳಿಹಾಕಿದರಲ್ಲ! ಅತ್ತೆಯ ಮೇಲೆ ನನಗೆ ಅಂದು ಬಂದ ಗೌರವ ಯಾವ ನ್ಯಾಯಾಧೀಶರ ಮೇಲೂ ಬಂದಿಲ್ಲ. ಅಂದು ಕರಿ ಕೋಟು ಗೂಟದಲ್ಲೇ ಇತ್ತು. ಎರಡು ಎಲೆ ಪಕ್ಕಪಕ್ಕ ಹಾಕಿದರು. ತಾವು ಒಂದರ ಮುಂದೆ ಕೂತು ಸೌಟನ್ನು ಅಪ್ಪನ ಕೈಗೆ ಕೊಟ್ಟರು. ನಮ್ಮ ಮನೆಯಲ್ಲಿ ಅದರ ಅರ್ಥ ಗೊತ್ತಿಲ್ಲದವರು ಯಾರು? ಅತ್ತೆ ಸೋತಿದ್ದರು, ತಾವಾಗಿಯೇ.

ಅಪ್ಪ ಸೌಟು ನೋಡಿದರು, ಅಕ್ಕನನ್ನು ನೋಡಿದರು. ಆಮೇಲೆ ಆ ಸೊಟ್ಟ ಕೈ ಚಾಚಿ ಅದನ್ನು ವಾಪಸು ಕೊಟ್ಟರು.

"ನೀನೇ ಬಡ್ಸಕ್ಕಾ," ಎಂದರು.